ಕೆಮಾರನ ಕಿವಿ

ಅವನಿಗೆ ಕೈಯಿಲ್ಲ, ಕಾಲಿಲ್ಲ. ತಲೆ, ಕುತ್ತಿಗೆ, ಭುಜ, ಎದೆ, ಅಷ್ಟಕ್ಕೇ ಮೈ ಮುಗಿಯುತ್ತದೆ. ಆದರೆ ಮೆತ್ತನೆಯ ಎರಡು ರಬ್ಬರ್ ಕಿವಿಗಳಿವೆ. ಕಿವಿಯೊಳಗೆ ನಾಳವಿದೆ. ನಾಳದ ತುದಿಯಲ್ಲಿ, ನಮಗೆಲ್ಲ ಕಿವಿತಮಟೆ ಇರುವ ಜಾಗದಲ್ಲಿ, ಅವನಿಗೊಂದು ಮೈಕ್ರೊಫೋನ್ ಇದೆ. ಹೆಸರು ಕೆಮಾರ್. ಹುಟ್ಟೂರು ಶಿಕಾಗೋ ಅಂಚಿನ ಫ್ರಾಂಕ್ಲಿನ್ ಪಾರ್ಕ್. ಹುಟ್ಟಿದ್ದು 1972ರಲ್ಲಿ. ಇಂದು ಮಾರುಕಟ್ಟೆಗೆ ಬರುವ ಹೆಡ್‌ಫೋನುಗಳಲ್ಲಿ ಎಷ್ಟೋ ಅವನ ತಲೆಯ ಮೇಲೋ ಅವನ ವಂಶದ ಇನ್ನೊಬ್ಬನ ತಲೆಯ ಮೇಲೋ ಕೂತು ಪರೀಕ್ಷೆ ಮುಗಿಸಿಕೊಂಡೇ ನಮ್ಮ ತಲೆಗೆ ಬರುತ್ತವೆ.

ನಾನಿರುವ ಮಿಶಿಗನ್ನಿನ ಕ್ಯಾಂಟನ್‌ನಿಂದ ಆ್ಯನ್ ಆರ್ಬರ್ ದಾಟಿ ಐ-94 ಹೆದ್ದಾರಿ ಹಿಡಿದರೆ ಅವನ ಹುಟ್ಟೂರು ನಾಲ್ಕು, ನಾಲ್ಕೂವರೆ ಗಂಟೆಯ ದಾರಿ. ಡೆಟ್ರಾಯಿಟ್ ಪಕ್ಕದ ಈ ಊರಿನ ಕನ್ನಡಿಗರ ಮನೆಗಳಲ್ಲಿ ಹೆಡ್‌ಫೋನ್ ಉಪ್ಪಿನಷ್ಟೇ ದಿನಬಳಕೆಯದು. ಮಕ್ಕಳು ಮಲಗಿದ ಮೇಲೆ ಬೆಂಗಳೂರಿನ ತಂಡದೊಡನೆ ಮೀಟಿಂಗು, ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ಲು, ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಟ್ರ್ಯಾಕ್ ಹಾಕಿಕೊಂಡು ಹಾಡಿನ ಅಭ್ಯಾಸ, ಜನವರಿಯಲ್ಲಿ ಡ್ರೈವ್‌ವೇ ಹಿಮ ಬಾಚುವ ಹೊತ್ತು. ಹಾಗಾಗಿ ಯಾವ ಪಾಟ್‌ಲಕ್ ಊಟಕ್ಕೆ ಹೋದರೂ ಯಾರಾದರೊಬ್ಬರು ಕೇಳುತ್ತಾರೆ: ‘ಕಿವಿ ಮೇಲೆ ಕೂರೋ ಥರದ್ದು, ವೈರ್ ಇಲ್ಲದ್ದು, ದಿನಾ ಹಾಕೋಕೆ ಯಾವುದು ಚೆನ್ನಾಗಿದೆ?’ ಒಬ್ಬರು ಹೆಸರು ಹೇಳುತ್ತಾರೆ, ಬೇಸ್ ಅದ್ಭುತ ಅನ್ನುತ್ತಾರೆ. ಪಕ್ಕದವರು ಅದೇ ಮಾಡೆಲ್ ಕೊಂಡವರು, ಬೇಸೇ ಇಲ್ಲ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ವಸ್ತು ಇಬ್ಬರಿಗೆ ಎರಡು ಥರ ಕೇಳುವುದು ಯಾಕೆ, ಹಾಗಿದ್ದರೆ ಯಾವುದನ್ನು ಒಳ್ಳೆಯದು ಅನ್ನಬೇಕು? ಇದಕ್ಕೆ ಉತ್ತರ ಸಿಗಲು ಒಂದು ಶತಮಾನ ಹಿಡಿಯಿತು. ಉತ್ತರದ ಮುಖ್ಯ ಭಾಗ ಸಿಕ್ಕಿದ್ದು ನಮ್ಮ ಈ ನೆರೆಹೊರೆಯಲ್ಲೇ.

ಮೊದಲು ಹೆಡ್‌ಫೋನ್ ಬಂತು, ಅದನ್ನು ಅಳೆಯುವ ಬುದ್ಧಿ ಬಹಳ ತಡವಾಗಿ ಬಂತು. 1910ರಲ್ಲಿ ಯೂಟಾದ ನಥೇನಿಯಲ್ ಬಾಲ್ಡ್ವಿನ್ ಮನೆಯ ಅಡುಗೆಕೋಣೆಯಲ್ಲೇ ಹೆಡ್‌ಫೋನ್ ಜೋಡಿಸಿ ಅಮೆರಿಕದ ನೌಕಾಪಡೆಗೆ ಕಳಿಸಿದ. ರೇಡಿಯೋ ಸಂದೇಶ ಹಿಡಿಯುವವರಿಗೆ ಅದು ಉಳಿದವಕ್ಕಿಂತ ಸ್ಪಷ್ಟವಾಗಿ ಕೇಳಿಸಿತು, ನೌಕಾಪಡೆ ಕೊಂಡಿತು. ಪರೀಕ್ಷೆ ಅಂದರೆ ಅಷ್ಟೇ: ಕೇಳಿಸಿತೇ, ಇಲ್ಲವೇ. 1958ರಲ್ಲಿ ಶಿಕಾಗೋದಿಂದ ಒಂದೂವರೆ ಗಂಟೆ ಉತ್ತರಕ್ಕಿರುವ ಮಿಲ್ವಾಕಿಯಲ್ಲಿ ಜಾನ್ ಕಾಸ್, ಇಂಜಿನಿಯರ್ ಮಾರ್ಟಿನ್ ಲ್ಯಾಂಗ್ ಜೊತೆ ಸೇರಿ ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನ್ ಮಾಡಿದ. ಅವರು ಪ್ರದರ್ಶನಕ್ಕೆ ಒಯ್ದಿದ್ದು ಒಂದು ಪುಟ್ಟ ಗ್ರಾಮಫೋನು, ಹೆಡ್‌ಫೋನ್ ಅದರ ಜೊತೆಗಿಟ್ಟ ಉಪಕರಣ. ಬಂದ ಜನ ಗ್ರಾಮಫೋನನ್ನು ಬಿಟ್ಟು ಹೆಡ್‌ಫೋನಿಗೆ ಸಾಲು ನಿಂತರು. 1979ರಲ್ಲಿ ಸೋನಿಯ ವಾಕ್‌ಮನ್ ಬಂತು. ಅದರ ಜೊತೆಗಿದ್ದ ಹೆಡ್‌ಫೋನಿನ ತೂಕ ಸುಮಾರು 50 ಗ್ರಾಂ. ಅಲ್ಲಿಯವರೆಗಿನ ಹೆಚ್ಚಿನವು 300–400 ಗ್ರಾಂ ತೂಗುತ್ತಿದ್ದವು. ಕಿವಿಯ ಮೇಲೆ ಹಗುರಾಗಿ ಕೂತು ಬೀದಿಯಲ್ಲಿ ನಡೆಯುವ ಹೆಡ್‌ಫೋನು ದಿನಬಳಕೆಗೆ ಇಳಿದದ್ದು ಅಂದಿನಿಂದ.

ಈ ಹೊತ್ತಿಗೆ ಅಳತೆಯ ಉಪಕರಣಗಳು ಇದ್ದವು, ಆದರೆ ಅವು ಸಂಗೀತಕ್ಕೆ ಮಾಡಿದವಲ್ಲ. ಶ್ರವಣ ಪರೀಕ್ಷೆಗೆ ಹೋದವರಿಗೆ ಕಪ್ಪು ರಬ್ಬರ್ ಮೆತ್ತೆಯ, ಕಿವಿಯ ಮೇಲೆ ಒತ್ತಿ ಕೂರುವ ಒಂದು ಹೆಡ್‌ಫೋನ್ ನೆನಪಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಓದಿದ ಆಡಿಯಾಲಜಿಸ್ಟುಗಳಿಗೆ ಅದು ಟಿಡಿಎಚ್-39 ಎಂದೇ ಪರಿಚಿತ. ಅದು ಸರಿಯಾದ ಮಟ್ಟದ ಸದ್ದು ಕೊಡುತ್ತಿದೆಯೇ ಎಂದು ನೋಡಲು ಅದನ್ನೊಂದು ಲೋಹದ ಬಟ್ಟಲಿನ ಮೇಲೆ ಇಟ್ಟು, ಮೇಲೆ ಅರ್ಧ ಕಿಲೋ ಭಾರ ಹೇರುತ್ತಾರೆ. ಬಟ್ಟಲೊಳಗೆ 6 ಘನ ಸೆಂಟಿಮೀಟರ್ ಗಾಳಿ, ತಳದಲ್ಲಿ ಮೈಕ್ರೊಫೋನ್. ಇವತ್ತಿನ ಅಳತೆ ನಾಳೆಯೂ ಅಷ್ಟೇ ಬರುತ್ತದೆ, ಮೈಸೂರಿನದೂ ಡೆಟ್ರಾಯಿಟಿನದೂ ತಾಳೆಯಾಗುತ್ತದೆ. ಶ್ರವಣ ಪರೀಕ್ಷೆಗೆ ಬೇಕಾದದ್ದು ಅದೇ.

ಆದರೆ ಆ ಬಟ್ಟಲು ಕಿವಿಯಲ್ಲ. ಅದರ ಗೋಡೆ ಗಟ್ಟಿ, ಅಂಚು ನುಣುಪು, ಗಾಳಿ ಎಲ್ಲೂ ಸೋರದು. ನಮ್ಮ ಹೊರಗಿವಿಯಲ್ಲಿ ಮಡಿಕೆಗಳಿವೆ, ಏಣುಗಳಿವೆ. ಜೊತೆಗೆ ಅದು ತನ್ನ ಪಾಲಿನ ಕೆಲಸವನ್ನೂ ಮಾಡುತ್ತದೆ. ಎಷ್ಟು ಮಾಡುತ್ತದೆ ಎನ್ನುವುದನ್ನು ಕೆನಡಾದ ಒಟ್ಟಾವಾದಲ್ಲಿ ಎಡ್ಗರ್ ಶಾ ವರ್ಷಗಟ್ಟಲೆ ಅಳೆದು, 1974ರಲ್ಲಿ ಅಂಕಿಗಳನ್ನು ಒಟ್ಟುಗೂಡಿಸಿದರು. ಎದುರಿನಿಂದ ಬರುವ ಸದ್ದು ಕಿವಿತಮಟೆ ತಲುಪುವ ಹೊತ್ತಿಗೆ 3000 ಹರ್ಟ್ಸ್ ಆಸುಪಾಸಿನಲ್ಲಿ 15 ಡೆಸಿಬೆಲ್ಲಿನಷ್ಟು ಏರಿರುತ್ತದೆ. ಇದಕ್ಕೆ ಮುಖ್ಯ ಕಾರಣ ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳ ಮತ್ತು ಅದರ ಬಾಯಲ್ಲಿರುವ ಬಟ್ಟಲಿನಂಥ ತಗ್ಗು. ಮಾತಿನ ವ್ಯಂಜನಗಳು ಬಿಡಿಬಿಡಿಯಾಗಿ ಕೇಳುವುದೂ ಎಳೆಗೂಸಿನ ಅಳು ಕಿವಿಗೆ ಚುಚ್ಚುವುದೂ ಆ ಆಸುಪಾಸಿನಲ್ಲೇ. ಹುಟ್ಟಿನಿಂದ ಈ ಏರಿಕೆಯೊಡನೆಯೇ ಕೇಳಿದ್ದೇವಾದ್ದರಿಂದ ನಮಗೆ ಅದು ಏರಿಕೆ ಅನ್ನಿಸುವುದಿಲ್ಲ, ಸಹಜ ಅನ್ನಿಸುತ್ತದೆ.

ಇದನ್ನು ಯಂತ್ರದೊಳಗೆ ಕಟ್ಟುವ ಅನಿವಾರ್ಯ ಬಂದದ್ದು ಸಂಗೀತ ಕೇಳುವವರಿಗಲ್ಲ, ಕಿವಿ ಮಂದವಾದವರಿಗೆ ಶ್ರವಣ ಸಾಧನ ಮಾಡುತ್ತಿದ್ದವರಿಗೆ. ಶಿಕಾಗೋದ ಜೆನ್ಸನ್ ಧ್ವನಿವರ್ಧಕ ಕಂಪನಿಯಲ್ಲಿ ಮುಖ್ಯ ಇಂಜಿನಿಯರ್ ಆಗಿದ್ದ ಹ್ಯೂ ನೋಲ್ಸ್ 1946ರಲ್ಲಿ ಸ್ವಂತ ಕಂಪನಿ ತೆರೆದು, ಶ್ರವಣ ಸಾಧನಗಳಿಗೆ ಬೇಕಾದ ಕಾಳಿನಷ್ಟು ಪುಟ್ಟ ಮೈಕುಗಳನ್ನೂ ಸ್ಪೀಕರುಗಳನ್ನೂ ಮಾಡತೊಡಗಿದರು. ಆ ಸಾಧನಗಳು ಅಂಗಿಯ ಜೇಬಿನಿಂದ ಕಿವಿಯ ಹಿಂಬದಿಗೆ, ಅಲ್ಲಿಂದ ಕಿವಿಯೊಳಕ್ಕೆ ಏರಿದಂತೆ ಹೊಸ ತೊಡಕು ಎದುರಾಯಿತು. ಖಾಲಿ ಕೋಣೆಯಲ್ಲಿ ತೂಗುಹಾಕಿ ಅಳೆದಾಗ ಬಂದ ಅಂಕಿ, ತಲೆಗೆ ತೊಟ್ಟಾಗ ತಾಳೆಯಾಗುತ್ತಿರಲಿಲ್ಲ. ತಲೆ ಸದ್ದಿಗೆ ಅಡ್ಡ ಬರುತ್ತದೆ, ಭುಜ ಸದ್ದನ್ನು ಹಿಂದಕ್ಕೆ ಎಸೆಯುತ್ತದೆ, ಕಿವಿ ತನ್ನ ಪಾಲು ಸೇರಿಸುತ್ತದೆ. ಹಾಗಾದರೆ ಅಳತೆಗೆ ಒಂದು ತಲೆಯೇ ಬೇಕು. ಮನುಷ್ಯರನ್ನು ಕೂರಿಸಬಹುದು, ಆದರೆ ಪ್ರತಿಯೊಬ್ಬನ ತಲೆಯೂ ಬೇರೆ, ಸುಮ್ಮನೆ ಅಲುಗಾಡದೆ ಕೂರುವವನೂ ಸಿಗುವುದಿಲ್ಲ.

ನೋಲ್ಸ್ ಕಂಪನಿಯ ಮಾಲನ್ ಬರ್ಕ್‌ಹಾರ್ಡ್ ಮತ್ತು ರಿಚರ್ಡ್ ಸ್ಯಾಕ್ಸ್ ವಯಸ್ಕರ ದೇಹದ ಅಳತೆಗಳ ಸರಾಸರಿ ತೆಗೆದು ಒಬ್ಬ ಮನುಷ್ಯನನ್ನು ಕಟ್ಟಿದರು. ಕಿವಿನಾಳದ ತುದಿಗೆ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಯೋಜೆಫ್ ಜ್ವಿಸ್ಲೋಕಿ ರೂಪಿಸಿದ್ದ ಕೃತಕ ಕಿವಿಯನ್ನು ಕೂರಿಸಿದರು. ನಿಜವಾದ ಕಿವಿತಮಟೆ ಸದ್ದಿಗೆ ಎಷ್ಟು ಒಗ್ಗುತ್ತದೋ ಎಷ್ಟು ತಡೆಯುತ್ತದೋ ಅದನ್ನು ಆ ಪುಟ್ಟ ಲೋಹದ ಕೊಳವೆ ಅನುಕರಿಸುತ್ತಿತ್ತು. ಹೀಗೆ 1972ರಲ್ಲಿ ಕೆಮಾರ್ ಹೊರಬಂದ, 1975ರಲ್ಲಿ ಅವನ ವಿವರಗಳು ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಅಚ್ಚಾದವು. ಅವನಿಗೆ ಮೊದಲು ತೊಡಿಸಿದ ಕಿವಿ ಅಮೆರಿಕದ ಗಂಡಸರ ಪಾಲಿಗೆ ಚಿಕ್ಕದೆಂದು ಗೊತ್ತಾಗಿ 1979ರಲ್ಲಿ ದೊಡ್ಡ ಕಿವಿ ಮಾಡಬೇಕಾಯಿತು. ಸರಾಸರಿ ಮನುಷ್ಯನಿಗೂ ಕಿವಿ ಬದಲಿಸಬೇಕಾಯಿತು ಎನ್ನುವುದರಲ್ಲೇ ಮುಂದಿನ ಕತೆಯ ಸುಳಿವಿದೆ.

ಅಲ್ಲೇ ಕೆಲಸ ಮಾಡುತ್ತಿದ್ದ ಮೀಡ್ ಕಿಲಿಯನ್ ಇನ್ನೊಂದು ಹೆಜ್ಜೆ ಇಟ್ಟರು. ಶಿಕಾಗೋ ಪಕ್ಕದ ಇವಾನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಪಿಎಚ್‌ಡಿ ಮುಗಿಸಿದ ಅವರು ಕೆಮಾರನ ಕಿವಿಯ ಮೂಲಕ ಧ್ವನಿಮುದ್ರಿಸಿ, ಅದನ್ನು ಪಳಗಿದ ಕಿವಿಯವರಿಗೂ ಬೀದಿಯ ಸಾಮಾನ್ಯರಿಗೂ ಕೇಳಿಸಿ ಅಂಕ ಕೊಡಿಸಿದರು. ತಗ್ಗಿದ ದನಿಯಿಂದ ಏರು ದನಿಯವರೆಗೆ ಯಾವುದು ಎಷ್ಟು ಜೋರಾಗಿ ಬರುತ್ತದೆಂದು ತೋರಿಸುವ ಅಳತೆಯ ಗೆರೆ ಒಂದು ಕಡೆ, ಕೇಳುಗರ ಅಂಕ ಇನ್ನೊಂದು ಕಡೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಹೀಗೆ ಗಟ್ಟಿಯಾಯಿತು.

ಕಿವಿ ಸಿಕ್ಕಿತು. ಆದರೆ ಆ ಕಿವಿಯಲ್ಲಿ ಯಾವ ಗೆರೆ ಬಂದರೆ ಹೆಡ್‌ಫೋನ್ ಒಳ್ಳೆಯದು? ಸಪಾಟಾದ ಗೆರೆ ಅಂತೂ ಅಲ್ಲ. ಕಿವಿತಮಟೆಯಲ್ಲಿ ಸಪಾಟು ಬಂದರೆ 3000 ಹರ್ಟ್ಸಿನ ಸಹಜ ಏರಿಕೆ ಕಾಣೆಯಾಗಿ ಗಾಯಕ ಗೋಡೆಯಾಚೆ ಹಾಡಿದಂತಾಗುತ್ತದೆ. 1986ರಲ್ಲಿ ಜರ್ಮನಿಯ ಗುಂಥರ್ ಥೈಲೆ, ಎಲ್ಲ ದಿಕ್ಕಿನಿಂದಲೂ ಸಮವಾಗಿ ಸದ್ದು ಬಂದಾಗ ಕಿವಿಯಲ್ಲಿ ಮೂಡುವ ಗೆರೆಯೇ ಗುರಿಯಾಗಲಿ ಎಂದು ವಾದಿಸಿದರು. ಸ್ಟುಡಿಯೋದವರು ಒಪ್ಪಿದರು. ಮನೆಯಲ್ಲಿ ಕೇಳುವವರಿಗೆ ಬೇಸ್ ಸಾಲದಾಯಿತು.

ಮುಂದಿನ ಉತ್ತರ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನ ಹಾರ್ಮನ್ ಕಂಪನಿಯಿಂದ ಬಂತು. ಆ ಕಂಪನಿ ನಮಗೆ ಅಪರಿಚಿತವಲ್ಲ. ಕಾರಿನ ಆಡಿಯೋ ಕೆಲಸಕ್ಕಾಗಿ ಅದರ ಕಚೇರಿ ಕ್ಯಾಂಟನ್‌ನಿಂದ ಅರ್ಧ ಗಂಟೆ ದೂರದ ನೋವೈಯಲ್ಲಿದೆ, ಬೆಂಗಳೂರಿನಲ್ಲೂ ಇದೆ. ನಾರ್ತ್‌ರಿಜ್‌ನ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರಿಂದ ಹೆಡ್‌ಫೋನುಗಳನ್ನು ಕಣ್ಣಿಗೆ ಕಾಣದಂತೆ ಕೇಳಿಸತೊಡಗಿದರು. ಹಿಂದೆ ನಿಂತವರು ತಲೆಗೆ ತೊಡಿಸುತ್ತಿದ್ದರು, ಕೇಳುಗನಿಗೆ ಬ್ರ್ಯಾಂಡೂ ಬೆಲೆಯೂ ಗೊತ್ತಿರಲಿಲ್ಲ. ಆದರೂ ತೂಕದಿಂದ, ಮೆತ್ತೆಯ ಬಿಗಿಯಿಂದ ಇದು ಬೇರೆ ಎಂದು ತಿಳಿದುಬಿಡುತ್ತಿತ್ತು. ಆಗ ಉಪಾಯ ಬದಲಾಯಿತು: ಒಂದೇ ಹೆಡ್‌ಫೋನ್ ಎಲ್ಲರ ತಲೆಗೆ, ಉಳಿದವುಗಳ ಧ್ವನಿಯ ಗೆರೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಅದರಲ್ಲೇ ನುಡಿಸುವುದು. ಅಮೆರಿಕ, ಕೆನಡಾ, ಜರ್ಮನಿ, ಚೀನಾ ಸೇರಿ 238 ಕೇಳುಗರು. ದೇಶ ಬದಲಾದರೂ ಅಭಿರುಚಿ ಅಷ್ಟಾಗಿ ಬದಲಾಗಲಿಲ್ಲ. ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರು ಕಿವಿಯಲ್ಲಿ ಮೂಡಿಸುವ ಗೆರೆಗೆ ಹತ್ತಿರವಾದದ್ದನ್ನು ಹೆಚ್ಚಿನವರು ಮೆಚ್ಚಿದರು. ಮೂರರಲ್ಲಿ ಸುಮಾರು ಎರಡು ಪಾಲು ಜನರಿಗೆ ಅದೇ ಗೆರೆ ಹಿತ, ಉಳಿದವರಲ್ಲಿ ಕೆಲವರಿಗೆ ಬೇಸ್ ಇನ್ನಷ್ಟು ಬೇಕು, ಕೆಲವರಿಗೆ ಕಡಿಮೆ ಸಾಕು ಎಂದು ಮುಂದೆ ತಿಳಿಯಿತು. 2018ರಲ್ಲಿ ಈ ತಂಡ ಕಿವಿಯ ಮೇಲೆ ಮತ್ತು ಕಿವಿಯ ಸುತ್ತ ಕೂರುವ 31 ಮಾಡೆಲುಗಳ ಗೆರೆ ನೋಡಿಯೇ ಕೇಳುಗರು ಎಷ್ಟು ಅಂಕ ಕೊಟ್ಟಾರು ಎಂದು ಬಹುಮಟ್ಟಿಗೆ ಸರಿಯಾಗಿ ಹೇಳುವ ಸೂತ್ರ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳನ್ನು ಅಳೆದು, ಬೆಲೆಗೂ ಧ್ವನಿಯ ಗೆರೆಗೂ ಸಂಬಂಧವೇ ಇಲ್ಲವೆಂದು ತೋರಿಸಿದ್ದರು. ‘ದುಡ್ಡು ಕೊಟ್ಟಷ್ಟು ಧ್ವನಿ’ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಗೆರೆ ನೋಡು, ಕೊಂಡುಕೋ. ಆದರೆ ಕಿವಿಯ ಮೇಲೆ ಕೂರುವ ಹೆಡ್‌ಫೋನಿಗೆ ಒಂದು ಜನ್ಮಜಾತ ತೊಂದರೆ ಇದೆ: ಅದು ಸೋರುತ್ತದೆ. ಕಿವಿಯ ಸುತ್ತ ಕೂರುವಂಥದ್ದಕ್ಕೆ ಊರಲು ಕೆನ್ನೆ, ತಲೆಬುರುಡೆಯ ಸಪಾಟು ಜಾಗ ಸಿಗುತ್ತದೆ. ಕಿವಿಯ ಮೇಲಿನದಕ್ಕೆ ಸಿಗುವುದು ಕಿವಿಯ ಏಣುಗಳೇ. ಸೈಕಲ್ ಪಂಪಿನ ಬಾಯನ್ನು ಹೆಬ್ಬೆರಳಿಂದ ಅರೆಬರೆ ಮುಚ್ಚಿ ನಿಧಾನವಾಗಿ ಒತ್ತಿದರೆ ಗಾಳಿ ಸಂದಿಯಿಂದ ಜಾರಿಹೋಗುತ್ತದೆ, ಜೋರಾಗಿ ಒತ್ತಿದರೆ ತಡೆದು ನಿಲ್ಲುತ್ತದೆ. ಬೇಸ್ ಎಂದರೆ ಗಾಳಿಯ ನಿಧಾನದ ಒತ್ತಡ, ಟ್ರೆಬಲ್ ಎಂದರೆ ವೇಗದ್ದು. ಹಾಗಾಗಿ ಮೆತ್ತೆ ಮತ್ತು ಕಿವಿಯ ನಡುವೆ ಕೂದಲೆಳೆಯ ಸಂದಿ ಉಳಿದರೂ ಮೊದಲು ಹೋಗುವುದು ಬೇಸ್. ಪಾಟ್‌ಲಕ್ ಊಟದಲ್ಲಿ ಇಬ್ಬರು ಎರಡು ಮಾತು ಹೇಳಿದ್ದರ ಗುಟ್ಟು ಇದು. ಒಬ್ಬರ ಕಿವಿಗೆ ಮೆತ್ತೆ ಒಪ್ಪಿತ್ತು, ಇನ್ನೊಬ್ಬರದ್ದಕ್ಕೆ ಒಪ್ಪಿರಲಿಲ್ಲ. ವೆಲ್ಟಿ ಮನುಷ್ಯರ ಕಿವಿಯೊಳಗೇ ಪುಟ್ಟ ಮೈಕು ಇಟ್ಟು ಈ ಸೋರಿಕೆಯನ್ನು ಅಳೆದರು, ರಬ್ಬರ್ ಕಿವಿ ಅಷ್ಟು ಸೋರುವುದಿಲ್ಲ ಎಂದು ಕಂಡು ಅದರ ಆಕಾರವನ್ನು ತಿದ್ದಿದರು.

ತಿದ್ದಿದರೂ ಕೆಮಾರ್ ಕನ್ನಡಕ ಹಾಕುವುದಿಲ್ಲ, ಓಲೆ ತೊಡುವುದಿಲ್ಲ. ನಮ್ಮ ಬೀದಿಯ ಎಷ್ಟೋ ಮನೆಗಳಂತೆ ನಮ್ಮಲ್ಲೂ ಊರಿಂದ ಅಮ್ಮ ಬಂದು ಬೇಸಿಗೆ ಕಳೆಯುತ್ತಾರೆ. ಯಕ್ಷಗಾನ ಕೇಳಲಿ ಎಂದು ಹೆಡ್‌ಫೋನ್ ತೊಡಿಸಿದರೆ ಎರಡೇ ನಿಮಿಷಕ್ಕೆ ತೆಗೆದರು: ‘ಓಲೆ ಮೇಲೇ ಒತ್ತುತ್ತಲ್ಲೋ ಮಗ, ಚಂಡೆ ಬರೀ ಟಣಟಣ ಅನ್ನುತ್ತೆ, ಮದ್ದಳೆ ಎಲ್ಲಿ?’ ವೆಲ್ಟಿಯ ಅಳತೆಪಟ್ಟಿ ಹೇಳಿದ್ದನ್ನೇ ಅಮ್ಮ ಎರಡು ವಾಕ್ಯದಲ್ಲಿ ಹೇಳಿದ್ದರು. ಓಲೆ ಮೆತ್ತೆಯನ್ನು ಎತ್ತಿ ಹಿಡಿದಿತ್ತು, ಮದ್ದಳೆಯ ತಗ್ಗಿದ ದನಿ ಸಂದಿಯಿಂದ ಹೊರಹೋಗಿತ್ತು. ಇದರ ತದ್ವಿರುದ್ಧ ಜನವರಿಯಲ್ಲಿ ನಡೆಯುತ್ತದೆ. ಹೆಡ್‌ಫೋನಿನ ಮೇಲೆ ಬಿಗಿಯಾದ ಉಣ್ಣೆಯ ಟೋಪಿ ಎಳೆದುಕೊಂಡು ಹಿಮ ಬಾಚಲು ಹೊರಟರೆ ಬೇಸ್ ಏಕಾಏಕಿ ತುಂಬಿಕೊಳ್ಳುತ್ತದೆ. ಟೋಪಿ ಮೆತ್ತೆಯನ್ನು ಕಿವಿಗೆ ಒತ್ತಿಹಿಡಿಯುತ್ತದೆ, ಅಷ್ಟೇ.

ವೈರು ಹೋದದ್ದು ಈ ಕತೆಗೆ ಅನಿರೀಕ್ಷಿತ ತಿರುವು ಕೊಟ್ಟಿತು. 1994ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎರಿಕ್ಸನ್ ಕಂಪನಿಯ ಯಾಪ್ ಹಾರ್ಟ್‌ಸನ್ ಬ್ಲೂಟೂತಿನ ಕೆಲಸ ಶುರುಮಾಡಿದರು. 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ 79 ಚಾನೆಲುಗಳ ನಡುವೆ ಸೆಕೆಂಡಿಗೆ 1600 ಸಲ ಹಾರುತ್ತ ಸಾಗುವ ಸಂಕೇತ ಅದು. ವೈಫೈ, ಮೈಕ್ರೊವೇವ್ ಒಲೆಗಳ ಗದ್ದಲದಲ್ಲೂ ಅದು ಉಳಿಯುವುದು ಈ ಹಾರಾಟದಿಂದ. ಸಂಗೀತವನ್ನು ಕುಗ್ಗಿಸಿ ಕಳಿಸುವುದರಿಂದ ಹೈ-ಫೈ ಮಂದಿ ಬ್ಲೂಟೂತನ್ನು ಬಹುಕಾಲ ಮೂಗು ಮುರಿದೇ ನೋಡಿದರು. ಆದರೆ ವೈರಿಲ್ಲದ ಹೆಡ್‌ಫೋನಿನೊಳಗೆ ಬ್ಯಾಟರಿ ಇರಲೇಬೇಕು, ಆಂಪ್ಲಿಫೈಯರ್ ಇರಲೇಬೇಕು, ಲೆಕ್ಕ ಮಾಡುವ ಚಿಪ್ಪೂ ಇರಬೇಕು. ಧ್ವನಿಯ ಗೆರೆಯನ್ನು ಒಳಗೇ ತಿದ್ದಲು ಇಷ್ಟು ಸಾಕು.

ಇದಕ್ಕೆ ಇನ್ನೊಂದು ಹಳೆಯ ದಾರಿ ಬಂದು ಸೇರಿತು. 1978ರಲ್ಲಿ ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ ಎಂಐಟಿಯ ಪ್ರೊಫೆಸರ್ ಅಮರ್ ಬೋಸ್ ಇಂಜಿನ್ನಿನ ಮೊರೆತದಿಂದ ಬೇಸತ್ತು, ಸದ್ದನ್ನು ಸದ್ದಿನಿಂದಲೇ ಅಳಿಸುವ ಲೆಕ್ಕ ಹಾಕಿದರು. 1989ರಲ್ಲಿ ಪೈಲಟ್‌ಗಳಿಗೆ ಅಂಥ ಹೆಡ್‌ಸೆಟ್ ಬಂತು, 2006ರಲ್ಲಿ ಅದೇ ಕಂಪನಿ ಕಿವಿಯ ಮೇಲೆ ಕೂರುವ ಮಾಡೆಲಿಗೂ ಅದನ್ನು ಅಳವಡಿಸಿತು. ಈ ಬಗೆಯ ಹೆಡ್‌ಫೋನಿನ ಒಳಗೆ, ಕಿವಿಯ ಬದಿಗೆ, ಒಂದು ಮೈಕು ಇರುತ್ತದೆ. ಕಿವಿಯಲ್ಲಿ ನಿಜವಾಗಿ ಏನಾಗುತ್ತಿದೆ ಎಂದು ಅದು ಸದಾ ಕೇಳುತ್ತಿರುತ್ತದೆ. ಇರಬಾರದ ಸದ್ದಿದ್ದರೆ ಅಳಿಸುತ್ತದೆ, ಇರಬೇಕಾದ ಬೇಸ್ ಸೋರಿಹೋಗಿದ್ದರೆ ಆದಷ್ಟು ಮರಳಿ ತುಂಬುತ್ತದೆ. ಹಾಗಾಗಿ ಇವುಗಳ ಬೇಸ್ ಬೇರೆ ಬೇರೆಯವರ ಕಿವಿಯಲ್ಲಿ ಅಷ್ಟಾಗಿ ಬದಲಾಗದು. ಕೆಮಾರನ ತಲೆಯಲ್ಲಿದ್ದ ಮೈಕು ಕಡೆಗೆ ನಮ್ಮ ಕಿವಿಯ ಬಳಿಗೇ ಬಂದಂತಾಯಿತು. ಆದರೆ ಕಿವಿಯ ಮೇಲೆ ಕೂರುವ ಅಗ್ಗದ ಮಾಡೆಲುಗಳಲ್ಲಿ ಈ ಮೈಕು ಅಪರೂಪ. ಕೊಳ್ಳುವಾಗ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ, ಒಳಗೆ ಈ ಮೈಕು ಇದೆಯೇ ಎನ್ನುವುದು.

ಇಷ್ಟು ತಿಳಿದ ಮೇಲೆ ಮನೆಯಲ್ಲೇ ಪರೀಕ್ಷೆ ಮಾಡುವುದು ಕಷ್ಟವಲ್ಲ. ಎರಡನ್ನು ಹೋಲಿಸುವುದಾದರೆ ಮೊದಲು ಎರಡರ ಸದ್ದಿನ ಮಟ್ಟ ಸಮ ಮಾಡಬೇಕು. ಒಂದೆರಡು ಡೆಸಿಬೆಲ್ ಜೋರಾದರೂ ಮನಸ್ಸು ‘ಇದೇ ಚೆಂದ’ ಎಂದುಬಿಡುತ್ತದೆ. ಆಮೇಲೆ ಮೃದಂಗ ಸ್ಪಷ್ಟವಾಗಿರುವ ಒಂದು ಕಚೇರಿ ಹಾಕಬೇಕು. ಮೃದಂಗದ ಬಲಬದಿಯ ಕಪ್ಪು ಲೇಪವಾದ ಕರಣೆಯಿಂದಾಗಿ ಅದರ ನಾದದ ಮೇಲ್ಸ್ವರಗಳು ತಂತಿವಾದ್ಯದವಂತೆ ಕ್ರಮಬದ್ಧವಾಗಿ ಹೊಂದುತ್ತವೆ. ಸಿ.ವಿ. ರಾಮನ್ ಇದನ್ನು ವಿವರಿಸಿ 1934ರಲ್ಲಿ ಬೆಂಗಳೂರಿನಲ್ಲಿ ತಾವೇ ಆಗಷ್ಟೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದರು. ಬಲಬದಿಯಲ್ಲಿ ಸ್ವರ ಶುದ್ಧವಾಗಿ ನಿಲ್ಲಬೇಕು, ಎಡಬದಿಯ ಗುಂಕಾರ ಮೈದುಂಬಿ ಬರಬೇಕು. ಹಾಡು ನಡೆಯುತ್ತಿರುವಾಗ ಹೆಡ್‌ಫೋನಿನ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಮೃದಂಗದ ಎಡಬದಿಯ ನಾದ ಗಕ್ಕನೆ ಹಿಗ್ಗಿದರೆ ಮೆತ್ತೆ ನಿಮ್ಮ ಕಿವಿಗೆ ಒಪ್ಪಿಲ್ಲ. ಎಷ್ಟೇ ಒಳ್ಳೆಯ ಗೆರೆ ಇದ್ದರೂ ನಿಮಗೆ ಅದು ಸಿಗುವುದಿಲ್ಲ. ಒತ್ತಿದರೂ ಬಿಟ್ಟರೂ ಹೆಚ್ಚುಕಮ್ಮಿ ಒಂದೇ ಥರ ಇದ್ದರೆ ಅದು ನಿಮ್ಮದು. ಕನ್ನಡಕ, ಓಲೆ ಇರುವವರು ಅವನ್ನು ಹಾಕಿಕೊಂಡೇ ನೋಡಬೇಕು.

ಮೀಟಿಂಗಿಗೂ ಬೇಕಾದರೆ ಲ್ಯಾಪ್‌ಟಾಪಿಗೆ ಜೋಡಿಸಿ ಮಾತಾಡಿ ನೋಡಿ. ಹೆಡ್‌ಫೋನಿನ ಮೈಕು ತೆರೆದೊಡನೆ ಹಳೆಯ ಬ್ಲೂಟೂತ್ ವ್ಯವಸ್ಥೆ ಕರೆಯ ಹಾದಿಗೆ ತಿರುಗಿ, ಕೇಳುವ ಧ್ವನಿಯೂ ಹಳೆಯ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ, ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಂಡರೆ ಸರಿಹೋಗುತ್ತದೆ. ಕಿವಿಯನ್ನು ಒತ್ತುವ ಬಿಗಿ ಅಂಗಡಿಯ ಐದು ನಿಮಿಷದಲ್ಲಿ ಗೊತ್ತಾಗದು, ಬೆಂಗಳೂರಿನ ಒಂದು ಪೂರ್ತಿ ಮೀಟಿಂಗ್ ಬೇಕು. ಸದ್ದಿನ ಮಟ್ಟಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೆನಪಿಡಬೇಕು: ವಯಸ್ಕರಿಗೆ ವಾರಕ್ಕೆ 40 ಗಂಟೆ, ಸರಾಸರಿ 80 ಡೆಸಿಬೆಲ್. ಸೋರುವ ಹೆಡ್‌ಫೋನಿನವರು ಬೇಸ್ ಹುಡುಕುತ್ತ ಸದ್ದು ಏರಿಸುತ್ತಾರೆ. ಬೇಸ್ ಬರುವುದಿಲ್ಲ, ಮಿತಿ ಮಾತ್ರ ದಾಟುತ್ತದೆ.

ಹಾಗಾದರೆ ಯಾವುದು ಚೆನ್ನಾಗಿದೆ ಎಂಬ ಪ್ರಶ್ನೆಗೆ ಹೆಸರಿನ ಉತ್ತರ ಇಲ್ಲ, ಕ್ರಮದ ಉತ್ತರ ಇದೆ. ಕೆಮಾರನ ತಲೆಯ ಮೇಲೆ ಅಳೆದ ಗೆರೆ ನೋಡಿ ಕೆಟ್ಟವನ್ನು ಪಟ್ಟಿಯಿಂದ ತೆಗೆಯಬಹುದು, ಬೆಲೆ ನೋಡಿ ತೆಗೆಯಲಾಗದು. ಉಳಿದವುಗಳಲ್ಲಿ ಒಳಮೈಕು ಇರುವುದನ್ನು ಮುಂದಿಡಬಹುದು. ದಪ್ಪ ಕಾಲಿನ ಕನ್ನಡಕದವರಿಗೂ ದೊಡ್ಡ ಓಲೆಯವರಿಗೂ ಕಿವಿಯ ಸುತ್ತ ಕೂರುವಂಥದ್ದೇ ವಾಸಿ. ಹಗುರಾಗಿರಬೇಕು, ಬಾಗಿಲ ಗಂಟೆಯೂ ಮಗುವಿನ ಕೂಗೂ ಕೇಳುತ್ತಿರಬೇಕು, ಬ್ಯಾಗಿನಲ್ಲಿ ಮಡಿಚಿ ಇಡುವಂತಿರಬೇಕು ಅನ್ನುವವರಿಗೆ ಕಿವಿಯ ಮೇಲಿನದು ಸರಿ. ಕೊನೆಯ ಪರೀಕ್ಷೆ ಸ್ವಂತ ಕಿವಿಯದೇ ಆದ್ದರಿಂದ, ಹಿಂತಿರುಗಿಸಲು ಅವಕಾಶ ಇರುವ ಅಂಗಡಿಯಲ್ಲೇ ಕೊಳ್ಳುವುದು ಒಳ್ಳೆಯದು.